ವೆಂಡೆಲ್ ತೊಟ್ಟ ಕಾಲೇಜು

ವೆಂಡೆಲ್ ಹಾಲ್ವರ್ಸನ್‌ಗೆ ಜಗತ್ತಿನಲ್ಲಿ ಎರಡು ವಿಷಯ ಚೆನ್ನಾಗಿ ಗೊತ್ತಿದ್ದವು: ಹಾಲಿನ ತೊಟ್ಟಿಯನ್ನು ತಂಪಾಗಿಡುವ ಯಂತ್ರ ಯಾಕೆ ಕೆಟ್ಟಿದೆ ಎಂಬುದು, ಅದು ಮತ್ತೆ ಯಾವಾಗ ಕೆಡುತ್ತದೆ ಎಂಬುದು. ಉಳಿದದ್ದೆಲ್ಲ ಅವನ ಹೆಂಡತಿ ಮಾರ್ಲಾಗೆ ಗೊತ್ತಿತ್ತು. ಮಗಳು ಸಿಗ್ನಿಯ ಹಲ್ಲಿನ ಡಾಕ್ಟರು ಯಾವ ಬೀದಿಯಲ್ಲಿದ್ದಾರೆ, ಚಳಿಗಾಲದ ಬೂಟು ಯಾವ ಪೆಟ್ಟಿಗೆಯಲ್ಲಿದೆ, ಜಿಮ್ನಾಸ್ಟಿಕ್ಸ್ ಕ್ಲಬ್ಬಿನಲ್ಲಿ ಯಾರನ್ನು ಕಂಡರೆ ನಗಬೇಕು, ಯಾರಿಗೆ ಬರೀ ತಲೆಯಾಡಿಸಿದರೆ ಸಾಕು, ಎಲ್ಲವೂ. ಮಾರ್ಲಾ ತೀರಿಕೊಂಡು ಎರಡು ಚಳಿಗಾಲ ಕಳೆದಿದ್ದವು. ಹಾಗಾಗಿ ಈಗ ಆ ಮನೆಯಲ್ಲಿ ದೊಡ್ಡವರಿಗೆ ಗೊತ್ತಿರುವ ವಿಷಯ ಒಟ್ಟು ಎರಡೇ.

ಮಾರ್ಚ್ ತಿಂಗಳ ಒಂದು ಸಂಜೆ ಕೋಚ್ ಡೆಸ್ಸಾ ಅವನನ್ನು ಕ್ಲಬ್ಬಿನ ಬಾಗಿಲಲ್ಲೇ ಹಿಡಿದು ನಿಲ್ಲಿಸಿದಳು.

"ವೆಂಡೆಲ್, ಸಿಗ್ನಿಗೆ ಹನ್ನೊಂದು ತುಂಬ್ತು. ಇನ್ನು ದಾರಿ ಆರಿಸ್ಕೋಬೇಕು. ಲೆವೆಲ್ಲಾ, ಎಕ್ಸೆಲ್ಲಾ? ಬೆಮಿಡ್ಜಿ ಪಂದ್ಯ ಮುಗಿಯೋದ್ರೊಳಗೆ ಹೇಳ್ಬಿಡಿ. ಅವಳಿಗೆ ಕಾಲೇಜು ತಂಡದ ಆಸೆ ಇದೆ, ಗೊತ್ತಲ್ಲ?"

"ಗೊತ್ತು, ಗೊತ್ತು," ಎಂದ ವೆಂಡೆಲ್. ಗೊತ್ತಿತ್ತು. ಸಿಗ್ನಿ ಮಲಗುವ ಕೋಣೆಯ ಚಾವಣಿಗೆ ಒಂದು ಕಾಲೇಜು ತಂಡದ ಹುಡುಗಿಯರ ಚಿತ್ರ ಅಂಟಿಸಿದ್ದಳು. ಅಂಟಿಸಲು ಏಣಿ ಹಿಡಿದುಕೊಂಡು ನಿಂತವನು ಅವನೇ.

ಗೊತ್ತಿಲ್ಲದ್ದು ದಾರಿಗಳ ವಿಷಯ. ಲೆವೆಲ್ ಎಂದರೆ ಒಂದರಿಂದ ಹತ್ತರವರೆಗೆ ಅಂಕಿಗಳು. ವಾರಕ್ಕೆ ಐದು ಸಂಜೆ ಅಭ್ಯಾಸ. ಎಕ್ಸೆಲ್ ಎಂದರೆ ಕಂಚು, ಬೆಳ್ಳಿ, ಚಿನ್ನ ಎಂದು ಶುರುವಾಗಿ ವಜ್ರದವರೆಗೆ; ವಾರಕ್ಕೆ ಎರಡೇ ಸಂಜೆ. ಒಂದು ಕಡೆ ಬರೀ ಅಂಕಿ, ಇನ್ನೊಂದು ಕಡೆ ಒಡವೆ ಅಂಗಡಿ. ಯಾವುದು ಮೇಲು ಎಂದು ಕೇಳಬೇಕಾದ ಅಗತ್ಯವಿದೆಯೆ? ವೆಂಡೆಲ್ ಕೇಳಲಿಲ್ಲ.

ಇನ್ನೊಂದು ವಿಷಯವಿತ್ತು. ಐದು ಸಂಜೆ ಎಂದರೆ ವಾರದ ಐದು ರಾತ್ರಿಯೂಟ ಸಿಗ್ನಿ ಕ್ಲಬ್ಬಿನ ಬೆಂಚಿನ ಮೇಲೆ ಮಾಡುತ್ತಾಳೆ. ಎರಡು ಸಂಜೆ ಎಂದರೆ ಮಿಕ್ಕ ದಿನವೆಲ್ಲ ಮನೆಯ ಮೇಜು, ಇಬ್ಬರೂ ಎದುರುಬದುರು. ಇದಕ್ಕೂ ಮಗಳ ಭವಿಷ್ಯಕ್ಕೂ ಏನೂ ಸಂಬಂಧವಿಲ್ಲ ಎಂದು ವೆಂಡೆಲ್ ತನಗೆ ತಾನೇ ಬಹಳ ಸಲ ಹೇಳಿಕೊಂಡಿದ್ದ. ಸಂಬಂಧವಿಲ್ಲದ ವಿಷಯವನ್ನು ಅಷ್ಟು ಸಲ ಯಾರೂ ಹೇಳಿಕೊಳ್ಳುವುದಿಲ್ಲ.

ಆ ರಾತ್ರಿ, ಮಾಂಸ ಹಾಕಿ ಓವನ್ನಿನಲ್ಲಿ ಬೇಯಿಸಿದ ಆಲೂಗಡ್ಡೆ ಹಾಟ್‌ಡಿಶ್ ಬಡಿಸುತ್ತ ಕೇಳಿದ.

"ನಿಂಗೆ ಯಾವ್ದು ಬೇಕು, ಸಿಗ್ನಿ?"

"ವಜ್ರ ಪರ್ವಾಗಿಲ್ಲ, ಅಪ್ಪಾ."

"ಮತ್ತೆ ಕಾಲೇಜು?"

"ಪರ್ವಾಗಿಲ್ಲ ಅಂದ್ನಲ್ಲ."

"ವಜ್ರದಿಂದಾನೂ ಕರ್ಕೋತಾರೆ ಬಿಡು. ವಜ್ರಕ್ಕಿಂತ ದೊಡ್ಡದು ಇನ್ನೇನಿದೆ?"

ಸಿಗ್ನಿ ಅವನ ಮುಖವನ್ನು ಒಂದು ಗಳಿಗೆ ನೋಡಿ, ಇನ್ನೊಂದು ಸೌಟು ಹಾಟ್‌ಡಿಶ್ ಹಾಕಿಕೊಂಡಳು. ಅದು ತಳ ಹಿಡಿದಿತ್ತು. ಆದರೂ ಹಾಕಿಕೊಂಡಳು. ಇಂಥ ಸೂಚನೆಗಳನ್ನು ಓದುವ ಕೆಲಸವೂ ಮೊದಲು ಮಾರ್ಲಾಳದೇ ಆಗಿತ್ತು.

ಬೆಮಿಡ್ಜಿಗೆ ಹೋಗುವ ದಿನ ಬೆಳಗಾಗುವ ಮೊದಲೇ ಎದ್ದು ಮಗಳ ತುರುಬು ಕಟ್ಟಲು ಕುಳಿತ. ಪಂದ್ಯದ ತುರುಬಿನಲ್ಲಿ ಒಂದು ಕೂದಲೂ ಹೊರಗೆ ಇಣುಕಬಾರದು. ವೆಂಡೆಲ್ ಪೈಪಿನ ಜೋಡಣೆಗೆ ಕೊಡುವಷ್ಟೇ ಗಮನ ಕೊಟ್ಟು ಸುತ್ತಿ, ಬಿಗಿದು, ಪಿನ್ನು ಚುಚ್ಚಿ, ಮೇಲಿಂದ ಸ್ಪ್ರೇ ಹೊಡೆದ. ಆ ತುರುಬಿನ ಮೇಲೆ ಲಾರಿ ಹರಿದಿದ್ದರೂ ಲಾರಿಗೇ ಪೆಟ್ಟಾಗುತ್ತಿತ್ತು.

"ಕಣ್ಣು ಮುಚ್ಚಕ್ಕೆ ಆಗ್ತಿಲ್ಲ ಅಪ್ಪಾ," ಎಂದಳು ಸಿಗ್ನಿ.

"ಪಂದ್ಯದಲ್ಲಿ ಕಣ್ಣು ಯಾಕೆ ಮುಚ್ಬೇಕು?"

ದಾರಿಯಲ್ಲಿ ಫ್ಲಾಸ್ಕಿನ ಮುಚ್ಚಳ ಜಾರಿ ಕಾಫಿಯೆಲ್ಲ ಅವನ ಕೋಟಿನ ಮೇಲೆ ಚೆಲ್ಲಿತು. ಹೊರಗೆ ನೀರು ಕಲ್ಲಾಗುವ ಚಳಿ. ಸಿಗ್ನಿಯನ್ನು ಆಟಗಾರರ ಬಾಗಿಲಲ್ಲಿ ಇಳಿಸಿ, ಗಾಡಿ ನಿಲ್ಲಿಸಿ, ಸೀಟಿನ ಹಿಂದೆ ತಡಕಾಡಿದಾಗ ಹಸಿರು ಜಾಕೆಟ್ಟೊಂದು ಕೈಗೆ ಸಿಕ್ಕಿತು. ಚರ್ಚಿನ ನೆಲಮಾಳಿಗೆಯಲ್ಲಿ ಹಳೇ ಬಟ್ಟೆ ಮಾರುವಾಗ ಕೊಂಡದ್ದು. ಬೆಚ್ಚಗಿತ್ತು, ತೋಳು ಸಾಕಷ್ಟು ಉದ್ದವಿತ್ತು. ವೆಂಡೆಲ್ ಜಾಕೆಟ್ಟಿನಿಂದ ಅದಕ್ಕಿಂತ ಹೆಚ್ಚಿನದನ್ನು ಯಾವತ್ತೂ ಬಯಸಿದವನಲ್ಲ. ಅದರ ಬೆನ್ನಿನ ಮೇಲೆ ಪಕ್ಕದ ರಾಜ್ಯದ ವಿಶ್ವವಿದ್ಯಾಲಯವೊಂದರ ಹೆಸರೂ, ಅದರ ಕೆಳಗೆ 'ಜಿಮ್ನಾಸ್ಟಿಕ್ಸ್, ತರಬೇತುದಾರರ ಬಳಗ' ಎಂದೂ ದಪ್ಪ ಅಕ್ಷರದಲ್ಲಿ ಹೊಲಿದಿದ್ದರು. ತೊಟ್ಟವನಿಗೆ ಬೆನ್ನು ಕಾಣುವುದಿಲ್ಲ. ಈ ಕಥೆಗೆ ಅಷ್ಟೇ ಸಾಕು.

ಪಂದ್ಯ ನಡೆಯುತ್ತಿದ್ದುದು ಐಸ್ ಹಾಕಿ ಅಂಗಣದಲ್ಲಿ. ಮಂಜುಗಡ್ಡೆಯ ಮೇಲೆ ಹಲಗೆ ಹಾಸಿ, ಹಲಗೆಯ ಮೇಲೆ ಚಾಪೆ ಹಾಸಿದ್ದರು. ತಮ್ಮ ಕ್ಲಬ್ಬಿನ ತಾಯಂದಿರು ಎದುರುಗಡೆ ಗ್ಯಾಲರಿಯಲ್ಲಿ ಒಟ್ಟಾಗಿ ಕೂತಿರುವುದು ವೆಂಡೆಲ್‌ಗೆ ಕಾಣಿಸಿತು. ಅಲ್ಲಿಗೆ ಹೋಗಬಹುದಿತ್ತು. ಆದರೆ ಅವನನ್ನು ಕಂಡೊಡನೆ ಅವರೆಲ್ಲರ ತಲೆಗಳೂ ಒಂದೇ ಪಕ್ಕಕ್ಕೆ ಓರೆಯಾಗುತ್ತವೆ. "ಹೇಗಿದ್ದೀಯ, ವೆಂಡೆಲ್?" ಎಂದು ತಗ್ಗಿದ ದನಿಯಲ್ಲಿ ಕೇಳುತ್ತಾರೆ. "ಇದೀನಿ" ಎನ್ನುತ್ತಾನೆ. ಆಮೇಲೆ ತಲೆಗಳು ನೆಟ್ಟಗಾಗಿ ತಮ್ಮ ಮಾತಿಗೆ ಮರಳುತ್ತವೆ. ಎರಡು ವರ್ಷದಿಂದ ಯಾರೂ ಅವನನ್ನು ಬೇರೆ ಪ್ರಶ್ನೆ ಕೇಳಿರಲಿಲ್ಲ. ಅವನು ಒದ್ದೆ ಕೋಟನ್ನು ಕಂಕುಳಲ್ಲಿ ಇಟ್ಟುಕೊಂಡು ಈಚೆ ಕಡೆಯ ಗ್ಯಾಲರಿ ಹತ್ತಿ, ಪರವೂರಿನವರ ನಡುವೆ ಖಾಲಿ ಜಾಗ ನೋಡಿ ಕೂತ.

ಅವನು ಹತ್ತಿ ಹೋಗುವಾಗ ಬೆನ್ನು ಕಂಡಿದ್ದ, ಮುಂದಿನ ಸಾಲಿನ ಅಜ್ಜಿಯೊಬ್ಬಳು ತಿರುಗಿ ನೋಡಿದಳು. ಅವಳ ತಲೆ ಓರೆಯಾಗಲಿಲ್ಲ. ಪಕ್ಕದಲ್ಲಿದ್ದ ಮಗಳನ್ನು ಮೊಣಕೈಯಿಂದ ತಿವಿದಳು.

"ಜೋಲೀನ್, ಸರಿ ಆಚೆ. ಅವ್ರನ್ನ ಇಲ್ಲಿ ಕೂರಿಸ್ಕೊಳೋಣ. ನೋಡ್ರೀ, ಇಲ್ಲಿ ದಿಂಬಿದೆ ಬನ್ನಿ, ಆ ಕಬ್ಬಿಣದ ಮೇಲೆ ಕೂತ್ರೆ ಬೆನ್ನು ಹಿಡ್ಕೊಳತ್ತೆ. ನಾನು ಅರ್ಡಿಸ್. ಇವಳ ಮಗಳು ಟೇಟಮ್ ಅಲ್ಲಿ ನೇರಳೆ ಬಟ್ಟೇಲಿದಾಳೆ. ನೀವು ತಂಡಕ್ಕೆ ಹುಡುಗೀರನ್ನ ಆರಿಸೋಕೆ ಬಂದ ಕಾಲೇಜಿನವರಾ?"

"ಇಲ್ಲ ಇಲ್ಲ," ಎಂದ ವೆಂಡೆಲ್, ಇಳಿದು ದಿಂಬಿನ ಮೇಲೆ ಕೂರುತ್ತ.

ಇಲ್ಲಿ ಮಿನೆಸೋಟದವರ ಒಂದು ಪದ್ಧತಿ ಹೇಳಬೇಕು. ಆ ಸೀಮೆಯಲ್ಲಿ ಕಾಫಿ ಬೇಕಾ ಎಂದು ಕೇಳಿದರೆ ಮೊದಲ ಸಲ ಇಲ್ಲ ಎನ್ನಬೇಕು. ಎರಡನೇ ಸಲವೂ ಬೇಡವೇ ಬೇಡ ಎನ್ನಬೇಕು. ಮೂರನೇ ಸಲ ಕೇಳಿದಾಗ "ಹಾಗಾದ್ರೆ ಒಂಚೂರು" ಎನ್ನಬೇಕು. ಮೊದಲ ಸಲಕ್ಕೇ ಹೂಂ ಎಂದವನನ್ನು ಮನೆಯಲ್ಲಿ ಸರಿಯಾಗಿ ಬೆಳೆಸಿಲ್ಲ ಎಂದು ತಿಳಿಯುತ್ತಾರೆ. ಮೂರನೇ ಸಲವೂ ಇಲ್ಲ ಎಂದವನನ್ನು ಮತ್ತೆ ಮನೆಗೆ ಕರೆಯುವುದಿಲ್ಲ.

"ಹೇಳಿ, ಪರ್ವಾಗಿಲ್ಲ. ಕಾಲೇಜಿನವರೇ ತಾನೆ?"

"ಅಯ್ಯೋ ಅಂಥದ್ದೇನಿಲ್ಲಮ್ಮ."

"ಬೆನ್ನ ಮೇಲೆ ಬರ್ಕೊಂಡಿದೀರಲ್ಲ ಸ್ವಾಮಿ, ನಮ್ಮ ಹತ್ರ ಯಾಕೆ ಸಂಕೋಚ? ಕಾಲೇಜಿನವರೇ!"

ಮೂರನೇ ಸಲ. ನಲವತ್ತೆರಡು ವರ್ಷದ ಅಭ್ಯಾಸ ವೆಂಡೆಲ್‌ನ ಬಾಯಿಯಿಂದ ತಾನಾಗಿ ಹೊರಬಿತ್ತು.

"ಹೂಂ... ಹಾಗಾದ್ರೆ, ಒಂಚೂರು."

ಒಂಚೂರು ಕಾಲೇಜಿನವನು ಎಂದರೆ ಏನೆಂದು ಅವನಿಗೇ ತಿಳಿಯಲಿಲ್ಲ. ಅರ್ಡಿಸ್‌ಗೆ ತಿಳಿಯಿತು. ಅಷ್ಟು ವಿನಯ ಇರಬೇಕಾದರೆ ಮುಖ್ಯ ಕೋಚೇ ಇರಬೇಕು.

ಆಗಲೇ ಸರಿಪಡಿಸಬಹುದಿತ್ತು. ಬಾಯಿಯನ್ನೂ ತೆರೆದಿದ್ದ. ಅಷ್ಟರಲ್ಲಿ ಜೋಲೀನ್ ಅವನ ಕಡೆ ಬಾಗಿ, "ಕೋಚ್, ನಿಮ್ಮನ್ನ ಒಂದು ಮಾತು ಕೇಳ್ಲಾ? ನಿಮಗೆ ಏನನ್ಸತ್ತೆ?" ಎಂದಳು.

ನಿಮಗೆ ಏನನ್ನಿಸುತ್ತದೆ! ವೆಂಡೆಲ್ ತೆರೆದ ಬಾಯಿ ಮುಚ್ಚಿದ. ದಿಂಬಿನ ಮೇಲೆ ನೆಟ್ಟಗೆ ಕೂತ.

"ಟೇಟಮ್ ಲೆವೆಲ್ ಏಳು. ವಾರಕ್ಕೆ ಐದು ದಿನ. ವಾಪಸ್ ಬರ್ತಾ ಕಾರಲ್ಲಿ ಅಳ್ತಾಳೆ, ಯಾಕೆ ಅಂದ್ರೆ ಹೇಳಲ್ಲ. ಬಿಡಿಸ್ಲಾ ಅಂದ್ರೆ ಇನ್ನೂ ಅಳ್ತಾಳೆ. ಏನ್ ಮಾಡ್ಲಿ?"

ವೆಂಡೆಲ್ ಯೋಚಿಸಿದ. ಪ್ರಾಮಾಣಿಕವಾಗಿಯೇ ಯೋಚಿಸಿದ. ತನಗೆ ಗೊತ್ತಿರುವ ಎರಡು ವಿಷಯಗಳಲ್ಲಿ ಒಂದನ್ನು ಹುಡುಕಿ ತೆಗೆದ.

"ಬಿಸಿ ಹಾಲನ್ನ ಒಂದೇ ಸಲ ತಣ್ಣಗೆ ಮಾಡಕ್ಕೆ ಹೋದ್ರೆ ಯಂತ್ರದ ಮೇಲೆ ಒತ್ತಡ ಜಾಸ್ತಿ ಆಗತ್ತೆ. ಎಲ್ಲೋ ಒಂದ್ಕಡೆ ಬಿರುಕು ಬಿಡತ್ತೆ. ಎಲ್ಲಿ ಅಂತ ಹೊರಗಿಂದ ಕಾಣಲ್ಲ."

ಜೋಲೀನ್‌ಳ ಕಣ್ಣು ತುಂಬಿತು. "ಅಮ್ಮಾ, ಕೇಳಿದ್ಯಾ? ಹೊರಗಿಂದ ಕಾಣಲ್ಲ ಅಂತೆ."

"ಕೇಳಿದೆ ಕೇಳಿದೆ. ಈ ಬಾರ್ ತಿನ್ನಿ ಕೋಚ್, ಮನೇಲಿ ಮಾಡಿದ ಸಿಹಿ, ಓಟ್ಸು, ಚಾಕೊಲೇಟು. ಹಾಗಾದ್ರೆ ಏನು ಮಾಡ್ಬೇಕು ಅಂತೀರ?"

"ಎಕ್ಸೆಲ್‌ಗೆ ಹಾಕಿ," ಎಂದ ವೆಂಡೆಲ್, ಬಾರ್ ಅಗಿಯುತ್ತ. "ವಜ್ರಕ್ಕೆ ಗುರಿ ಇಡಿ. ವಾರಕ್ಕೆ ಎರಡು ದಿನ ಸಾಕು. ಮಿಕ್ಕ ದಿನ ಮಗು ಮನೇಲಿ ಊಟ ಮಾಡ್ಲಿ."

ಸುತ್ತಲಿನ ನಾಲ್ಕು ಸಾಲೂ ಇತ್ತ ತಿರುಗಿತು.

"ವಜ್ರ?" ಎಂದಳು ಹಿಂದಿನ ಸಾಲಿನ ಯಾರೋ. "ಕಾಲೇಜಿನವರು ಈಗ ವಜ್ರ ನೋಡ್ತಾರಾ?"

"ವಜ್ರಕ್ಕಿಂತ ಮೇಲೆ ಏನಿದೆ ಹೇಳಿ," ಎಂದ ವೆಂಡೆಲ್.

ಇಷ್ಟು ಸರಳ ಪ್ರಶ್ನೆಯ ಹಿಂದೆ ಏನೋ ಗುಟ್ಟಿರಲೇಬೇಕು ಎಂದು ಎಲ್ಲರೂ ಫೋನು ತೆಗೆದರು. ಆ ಕಡೆಯ ಗ್ಯಾಲರಿಯ ಉದ್ದಕ್ಕೂ ಹೆಬ್ಬೆರಳುಗಳು ಓಡಿದವು. ಕಾಲೇಜುಗಳು ಒಳಗೊಳಗೇ ನಿಯಮ ಬದಲಾಯಿಸಿವೆಯಂತೆ. ಲೆವೆಲ್ ಹುಡುಗಿಯರು ಹದಿನೆಂಟಕ್ಕೇ ಸವೆದುಹೋಗಿರುತ್ತಾರಂತೆ. ಇನ್ನು ಮುಂದೆ ಮನೆಯಲ್ಲಿ ಊಟ ಮಾಡಿದವರೇ ಬೇಕಂತೆ. ಸುದ್ದಿ ಕೊನೆಯ ಸಾಲು ಮುಟ್ಟುವಷ್ಟರಲ್ಲಿ, ದಿನಕ್ಕೊಂದು ಲೋಟ ತಣ್ಣನೆ ಹಾಲು ಕಡ್ಡಾಯ ಎಂಬುದೂ ಸೇರಿಕೊಂಡಿತ್ತು.

ಜನ ಬಂದರು. ಒಬ್ಬಳು ನಿಂಬೆ ಬಾರ್ ತಂದಳು, ಒಬ್ಬಳು ಕಾಫಿ. ಗಂಡಸೊಬ್ಬ ಬಂದು ಕೈಕುಲುಕಿ, ತನ್ನ ಮಗಳ ಪಾದದ ಬಗ್ಗೆ ಏನನ್ನಿಸುತ್ತದೆ ಎಂದು ಕೇಳಿದ. ವೆಂಡೆಲ್‌ಗೆ ಒಳ್ಳೆಯದೇ ಅನ್ನಿಸಿತು, ಹಾಗೇ ಹೇಳಿದ. ಯಾರೂ ದನಿ ತಗ್ಗಿಸಲಿಲ್ಲ. ಯಾರೂ ಹೇಗಿದ್ದೀಯ ಎನ್ನಲಿಲ್ಲ. ಅವನ ತೊಡೆಯ ಮೇಲೆ ಬಾರ್‌ಗಳ ಗುಡ್ಡೆ ಬೆಳೆಯಿತು. ಅವನು ನಗುತ್ತಿದ್ದ. ಕೆನ್ನೆ ನೋಯುತ್ತಿರುವುದು ಅದಕ್ಕೇ ಎಂದು ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು.

ಅಷ್ಟರಲ್ಲಿ ಕೆಳಗೆ ಸಿಗ್ನಿ ಬೀಮ್ ಹತ್ತಿದಳು. ಅಂಗೈ ಅಗಲದ ದೂಲ, ನೆಲದಿಂದ ಎದೆಯೆತ್ತರ, ಅದರ ಮೇಲೆ ಹಿಂದಕ್ಕೆ ಪಲ್ಟಿ; ಮೊಣಕಾಲು ಒಂಚೂರು ಮಡಿಚಿದರೂ ಅಂಕ ಕಟ್. ವೆಂಡೆಲ್ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡ. ಅವಳು ಇಳಿದ ಸದ್ದಾದ ಮೇಲೆ ಬೆರಳ ಸಂದಿಯಿಂದ ನೋಡಿದ.

ಅರ್ಡಿಸ್ ಇದನ್ನು ಗಮನಿಸಿದಳು.

"ನೋಡಿದ್ಯಾ ಜೋಲೀನ್? ಇಷ್ಟು ಹುಡುಗೀರು ಹತ್ತಿ ಇಳಿದ್ರು, ಈ ಮನುಷ್ಯ ಬಾರ್ ತಿಂತಾ ಕೂತಿದ್ರು. ಆ ನೀಲಿ ಬಟ್ಟೆ ಹುಡುಗಿ ಹತ್ತಿದ್ಲು, ಉಸಿರೇ ನಿಂತೋಯ್ತು. ಅವಳ ಮೇಲೇ ಕಣ್ಣು ಇವ್ರಿಗೆ."

"ಕಣ್ಣು ಮುಚ್ಕೊಂಡಿದ್ರಲ್ಲಮ್ಮ."

"ಗೊತ್ತಾಗ್ಬಾರ್ದು ಅಂತ ಕಣೇ."

ಹೆಬ್ಬೆರಳುಗಳು ಮತ್ತೆ ಓಡಿದವು. ಸುದ್ದಿ ಅಂಗಣ ದಾಟಿ ಎದುರು ಗ್ಯಾಲರಿಗೆ, ಅಲ್ಲಿಂದ ಕೆಳಗಿಳಿದು ಕೋಚ್ ಡೆಸ್ಸಾಳ ಕಿವಿಗೆ ಬಿತ್ತು. ಡೆಸ್ಸಾ ಓಡಿಹೋಗಿ ಸಿಗ್ನಿಯ ಭುಜ ಹಿಡಿದು ಏನೋ ಹೇಳಿದಳು. ಸಿಗ್ನಿ ಗ್ಯಾಲರಿಯ ಕಡೆ ತಲೆಯೆತ್ತಿದಳು. ದೀಪಗಳ ಬೆಳಕು ಕಣ್ಣಿಗೆ ರಾಚುತ್ತಿತ್ತು. ಹಸಿರು ಬಣ್ಣದ ಒಂದು ಚುಕ್ಕೆ ಬಿಟ್ಟರೆ ಅವಳಿಗೆ ಏನೂ ಕಂಡಿರಲಾರದು.

ನೆಲದ ಆಟಕ್ಕೆ ಸಂಗೀತ ಶುರುವಾಯಿತು. ವೆಂಡೆಲ್ ಮಗಳನ್ನು ಎಷ್ಟೋ ಸಲ ನೋಡಿದ್ದ, ಹೀಗೆ ನೋಡಿರಲಿಲ್ಲ. ಅವಳು ಓಡಿದರೆ ಚಾಪೆಯೇ ಅವಳನ್ನು ಎತ್ತಿ ಎಸೆಯುತ್ತಿತ್ತು. ಗಾಳಿಯಲ್ಲಿ ಒಂದು ಕ್ಷಣ ಹೆಚ್ಚಾಗಿಯೇ ನಿಲ್ಲುತ್ತಿದ್ದಳು. ಪ್ರತಿ ಸುತ್ತಿನ ಕೊನೆಗೆ ಹಸಿರು ಚುಕ್ಕೆಯ ಕಡೆಗೇ ತಿರುಗಿ ನಗುತ್ತಿದ್ದಳು. ಎರಡು ವರ್ಷದಲ್ಲಿ ಆ ನಗುವನ್ನು ಅವನು ಮನೆಯಲ್ಲಿ ಕಂಡಿರಲಿಲ್ಲ. ಅಕ್ಕಪಕ್ಕದವರೆಲ್ಲ ಅವನ ಭುಜ ತಟ್ಟಿದರು.

ಆಗ ಪಂದ್ಯದ ಮೇಲ್ವಿಚಾರಕ ಗೇಲನ್ ಮೆಟ್ಟಿಲು ಹತ್ತಿ ಬಂದ. ಕೊರಳಲ್ಲಿ ಗುರುತಿನ ಬಿಲ್ಲೆ, ಕೈಯಲ್ಲಿ ನಿಯಮಾವಳಿ, ಮುಖದಲ್ಲಿ ವರ್ಷಕ್ಕೊಮ್ಮೆ ಮಾತ್ರ ಸಿಗುವ ಅಧಿಕಾರ.

"ಸರ್, ನೀವು ಇಲ್ಲಿ ನೋಡ್ಬೋದು. ಮಾತಾಡೋ ಹಾಗಿಲ್ಲ. ಹತ್ತನೇ ಕ್ಲಾಸ್ ಮುಗಿಯೋವರ್ಗೂ ಕಾಲೇಜಿನವರು ಹುಡುಗಿ ಜೊತೆ ಮಾತಾಡೋ ಹಾಗಿಲ್ಲ, ಅಪ್ಪ ಅಮ್ಮನ ಜೊತೆನೂ ಇಲ್ಲ. ನಿಮಗೆ ನಾನು ಹೇಳ್ಬೇಕಾ?"

"ಅವ್ರು ಮಾತಾಡಿದ್ದು ನನ್ನ ಜೊತೆ," ಎಂದಳು ಅರ್ಡಿಸ್. "ಅಜ್ಜಿ ಅಂತ ಎಲ್ಲಿ ಬರ್ದಿದೆ ತೋರ್ಸಿ."

ಗೇಲನ್ ಪುಟ ತಿರುವಿದ. ಅಜ್ಜಿ ಇರಲಿಲ್ಲ. ಅವನ ಕಿವಿ ಕೆಂಪಾಯಿತು.

"ನಾನು ಕಾಲೇಜಿನವನಲ್ಲ," ಎಂದ ವೆಂಡೆಲ್.

"ಹಾಗೆಲ್ಲ ಅನ್ಬೇಡಿ ಸರ್."

"ನಿಜವಾಗ್ಲೂ ಅಲ್ಲ."

ಎರಡು ಸಲ ಆಗಿತ್ತು. ಗೇಲನ್ ಕೂಡ ಅದೇ ಸೀಮೆಯವನು, ಮೂರನೆಯದಕ್ಕೆ ಕಾಯಲಿಲ್ಲ. "ಬನ್ನಿ ಕೆಳಗೆ," ಎಂದ.

ಕೆಳಗೆ, ತೀರ್ಪುಗಾರರ ಮೇಜಿನ ಹಿಂದೆ, ಬೇರೆ ಕ್ಲಬ್ಬಿನ ಇಬ್ಬರು ಕೋಚುಗಳು ಕಾಯುತ್ತಿದ್ದರು. "ಯಾರ್ರೀ ಇವ್ರು? ಪಂದ್ಯ ನಡೀತಿರೋವಾಗ ನಮ್ಮ ಲೆವೆಲ್ ಹುಡುಗೀರ ಅಮ್ಮಂದ್ರು ಬಂದು ಎಕ್ಸೆಲ್‌ಗೆ ಹಾಕಿ ಅಂತಿದಾರೆ!" ಎಂದು ಒಬ್ಬ ಕೂಗಿದ. "ನಂಗೆ ಒಬ್ರು ಹಾಲಿನ ವಿಷ್ಯ ಕೇಳಿದ್ರು," ಎಂದ ಇನ್ನೊಬ್ಬ. ಅವನು ಕೋಪಕ್ಕಿಂತ ಗೊಂದಲದಲ್ಲಿದ್ದ.

ಅಷ್ಟರಲ್ಲಿ ಡೆಸ್ಸಾ ಜನರನ್ನು ಸರಿಸಿಕೊಂಡು ಬಂದಳು. "ಮಾತಾಡಲ್ಲ ಗೇಲನ್, ಆಣೆ. ಅವರು ಹುಡುಗೀನ ಒಂದ್ಸಲ ಹತ್ರದಿಂದ ನೋಡ್ಲಿ, ಅಷ್ಟೆ..." ಮಾತು ನಿಂತಿತು. "ವೆಂಡೆಲ್?"

"ಹಾಯ್, ಡೆಸ್ಸಾ."

"ಕಾಲೇಜಿನವರು ಎಲ್ಲಿ?"

ವೆಂಡೆಲ್ ತನ್ನ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

"ನಾನೇ," ಎಂದ.

ಡೆಸ್ಸಾಳ ಬೆನ್ನ ಹಿಂದಿನಿಂದ ಸಿಗ್ನಿ ಮುಂದೆ ಬಂದಳು. ಕೈ ತುಂಬ, ಹಿಡಿತ ಜಾರದಂತೆ ಹಚ್ಚುವ ಬಿಳಿ ಪುಡಿ. ಕೈಕುಲುಕಲು ಸಿದ್ಧವಾಗಿ ಬಲಗೈಯನ್ನು ಮಾತ್ರ ಬಟ್ಟೆಗೆ ಒರೆಸಿಕೊಂಡಿದ್ದಳು. ಅಪ್ಪನನ್ನು ನೋಡಿದಳು, ಜಾಕೆಟ್ಟನ್ನು ನೋಡಿದಳು. ಒರೆಸಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಇವ್ರು ಯಾರು ಹಾಗಾದ್ರೆ?" ಎಂದ ಗೇಲನ್.

"ಇವಳ ಅಪ್ಪ," ಎಂದಳು ಡೆಸ್ಸಾ. "ಹಾಲಿನ ತೊಟ್ಟಿ ರಿಪೇರಿ ಮಾಡ್ತಾರೆ."

ಗೇಲನ್ ನಿಯಮಾವಳಿಯನ್ನು ಮತ್ತೆ ತೆರೆದು ಬಹಳ ಹೊತ್ತು ಓದಿದ. ಕೊನೆಗೆ, ಅಪ್ಪ ಮಗಳ ಜೊತೆ ಮಾತನಾಡುವುದಕ್ಕೆ ಯಾವ ಅಡ್ಡಿಯೂ ಇಲ್ಲ ಎಂದು ತೀರ್ಪು ಕೊಟ್ಟು ಹೊರಟುಹೋದ. ಕೋಚುಗಳೂ ಹೋದರು. ಸಿಗ್ನಿ ತನ್ನ ಚೀಲ ತರಲು ನಡೆದಳು.

"ಡೆಸ್ಸಾ," ಎಂದ ವೆಂಡೆಲ್, "ವಜ್ರ ಅಂದ್ರೆ ಎಲ್ಲಕ್ಕಿಂತ ಮೇಲೆ ಅಲ್ವಾ?"

ಡೆಸ್ಸಾಗೆ ಬೈಯುವ ಮನಸ್ಸಿತ್ತು. ಅವನ ಮುಖ ನೋಡಿ ಬಿಟ್ಟಳು. "ಎಕ್ಸೆಲ್ ಒಳ್ಳೇದೇ ವೆಂಡೆಲ್. ಆಡಕ್ಕೆ, ಖುಷಿಗೆ, ಗೆಳತೀರಿಗೆ. ಆದ್ರೆ ಕಾಲೇಜು ತಂಡದವರು ನೋಡೋದು ಲೆವೆಲ್ ಹತ್ತನ್ನ. ವಜ್ರದ ರಸ್ತೆ ಆ ಕಡೆ ಹೋಗೋದೇ ಇಲ್ಲ ಅಂತಿಟ್ಕೊಳಿ."

"ಇದು ಸಿಗ್ನಿಗೆ ಗೊತ್ತಾ?"

"ಏಳು ವರ್ಷದವಳಿದ್ದಾಗ್ಲೇ ಗೊತ್ತು."

ವೆಂಡೆಲ್ ತನ್ನ ಒದ್ದೆ ಕೋಟು ತರಲು ಮೇಲೆ ಹೋದ. ಸುದ್ದಿ ಅವನಿಗಿಂತ ಮೊದಲೇ ಮೆಟ್ಟಿಲು ಹತ್ತಿತ್ತು. ಜೋಲೀನ್ ಅಂಗಣದ ಕಡೆ ಮುಖ ತಿರುಗಿಸಿಕೊಂಡು ಕೂತಿದ್ದಳು. ದಿಂಬು ಮತ್ತೆ ಅರ್ಡಿಸ್‌ಳ ಅಡಿಗೆ ಹೋಗಿತ್ತು. ಬಾರ್‌ಗಳ ಡಬ್ಬಿಗೆ ಮುಚ್ಚಳ ಬಿದ್ದಿತ್ತು. ಅವನು ಕೂತಿದ್ದ ಕಬ್ಬಿಣದ ಮೇಲೆ ಒಂದೇ ಒಂದು ಬಾರ್ ಕಾಗದದ ಕರವಸ್ತ್ರದಲ್ಲಿ ಇತ್ತು. ಅದು ಸಮಾಧಾನವೋ ಶಿಕ್ಷೆಯೋ ಎಂದು ಆ ಸೀಮೆಯಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಅವನು ಅದನ್ನು ಜೇಬಿಗೆ ಹಾಕಿಕೊಂಡ.

ಸಿಗ್ನಿ ಅಂಗಣದ ಅಂಚಿನ ಗಾಜಿನ ಗೂಡಿನಲ್ಲಿ ಕೂತಿದ್ದಳು. ಹಾಕಿ ನಡೆಯುವಾಗ ತಪ್ಪು ಮಾಡಿದ ಆಟಗಾರರನ್ನು ಕೂಡಿಹಾಕುವ ಜಾಗ ಅದು. ವೆಂಡೆಲ್ ತಾನಾಗಿ ಒಳಗೆ ಹೋಗಿ ಬಾಗಿಲು ಎಳೆದುಕೊಂಡ.

"ಕಾಲೇಜಿನವ್ರು ನೋಡ್ತಿದಾರೆ ಅಂತ ಹಾಗೆ ಮಾಡ್ದೆ," ಎಂದಳು ಸಿಗ್ನಿ, ಗಾಜಿನ ಕಡೆ ನೋಡುತ್ತ.

"ನಾನು ನೋಡ್ತಿದ್ದೆ."

"ಬೀಮಲ್ಲಿ ಕಣ್ಣು ಮುಚ್ಕೊಂಡಿದ್ಯಂತೆ. ಎಲ್ರೂ ಹೇಳಿದ್ರು."

"ನೆಲದ್ದು ನೋಡ್ದೆ. ಪೂರ್ತಿ ನೋಡ್ದೆ."

ವೆಂಡೆಲ್ ಜೇಬಿನಿಂದ ಬಾರ್ ತೆಗೆದು ಮುರಿದು ಅರ್ಧ ಕೊಟ್ಟ. ಅವಳು ತಿಂದಳು.

"ವಜ್ರದಿಂದ ಕಾಲೇಜಿಲ್ಲ ಅಂತ ನಿಂಗೆ ಗೊತ್ತಿತ್ತು."

"ಹೂಂ."

"ಮತ್ತೆ ಯಾಕೆ ಪರ್ವಾಗಿಲ್ಲ ಅಂದೆ?"

ಸಿಗ್ನಿ ಬೆರಳಿಗೆ ಅಂಟಿದ್ದ ಚಾಕೊಲೇಟನ್ನೂ ಬಿಳಿ ಪುಡಿಯನ್ನೂ ಒಟ್ಟಿಗೆ ನೆಕ್ಕಿದಳು.

"ಹೋದ ಬೇಸಿಗೇಲಿ ನಾನು ಕ್ಯಾಂಪಿಗೆ ಹೋಗಿದ್ನಲ್ಲ. ಆವಾಗ ನೀನು ಸಿಂಕ್ ಹತ್ರ ನಿಂತ್ಕೊಂಡು ಪಾತ್ರೆಯಿಂದ್ಲೇ ತಿಂತಿದ್ಯಂತೆ. ಲೈಟ್ ಕೂಡ ಹಾಕ್ದೆ. ಪಕ್ಕದ್ಮನೆ ಲವರ್ನ್ ಹೇಳಿದ್ರು."

"ಲೈಟ್ ಹಾಕಿರ್ಲಿಲ್ಲ ಅಂದ್ರೆ ಲವರ್ನ್‌ಗೆ ಹೇಗೆ ಕಾಣಿಸ್ತು?"

"ಅಪ್ಪಾ."

ಈ ವಾದವನ್ನು ಮುಂದುವರಿಸಿದರೆ ಗೆಲ್ಲಬಹುದಿತ್ತು. ವೆಂಡೆಲ್ ಮುಂದುವರಿಸಲಿಲ್ಲ. ಗಾಜಿನ ಆಚೆ ಯಾವುದೋ ಊರಿನ ಚಿಕ್ಕ ಹುಡುಗಿಯೊಬ್ಬಳು ಚಾಪೆಯ ಮೇಲೆ ಬಿದ್ದು, ಎದ್ದು, ಎರಡೂ ಕೈ ಎತ್ತಿ ತೀರ್ಪುಗಾರರಿಗೆ ನಮಿಸಿದಳು.

"ಮಗು ಮನೇಲಿ ಊಟ ಮಾಡ್ಲಿ ಅಂತ ನಾನು ಮೇಲೆ ಕೂತು ಎಲ್ರಿಗೂ ಹೇಳ್ದೆ," ಎಂದ. "ಆಟಕ್ಕೋಸ್ಕರ ಅಲ್ಲ ಅದು. ನಂಗೋಸ್ಕರ."

"ಗೊತ್ತು."

"ನೀನು ಕುಣೀವಾಗ ನಿನ್ ಮುಖ ನೀನು ನೋಡ್ಕೊಂಡಿಲ್ಲ. ಐದು ಸಂಜೆ ಹೋಗು, ಸಿಗ್ನಿ."

"ನೀನು ನಿಂತ್ಕೊಂಡು ತಿಂತೀಯ."

"ಕೂತ್ಕೊಂಡು ತಿಂತೀನಿ. ತಟ್ಟೆ ಇಟ್ಕೊಂಡು, ಮೇಜಿನ ಮೇಲೆ, ಲೈಟ್ ಹಾಕಿ."

"ನಂಬಲ್ಲ. ಫೋಟೋ ಕಳಿಸ್ಬೇಕು. ದಿನಾ."

"ಆಯ್ತು," ಎಂದ ವೆಂಡೆಲ್. ಒಂದೇ ಸಲಕ್ಕೆ.

ಪಂದ್ಯ ಮುಗಿದ ಮೇಲೆ, ಡೆಸ್ಸಾ ಚಾಪೆ ಸುತ್ತುತ್ತಿದ್ದ ಕಡೆಗೆ ಇಬ್ಬರೂ ಹೋದರು. "ಲೆವೆಲ್," ಎಂದ ವೆಂಡೆಲ್. ಡೆಸ್ಸಾ ಸಿಗ್ನಿಯ ಕಡೆ ನೋಡಿದಳು. ಸಿಗ್ನಿ ಅಪ್ಪನ ಕಡೆ ನೋಡದೆ ಹೌದೆಂದು ತಲೆಯಾಡಿಸಿದಳು. ಆ ತುರುಬಿನಿಂದ ಇನ್ನೂ ಒಂದು ಕೂದಲೂ ಹೊರಬಂದಿರಲಿಲ್ಲ.

ಜೂನ್ ತಿಂಗಳ ಮೊದಲ ಸೋಮವಾರ ಹೊಸ ಅಭ್ಯಾಸ ಶುರುವಾಯಿತು. ವೆಂಡೆಲ್ ಸಿಗ್ನಿಯನ್ನು ಕ್ಲಬ್ಬಿನ ಬಾಗಿಲಲ್ಲಿ ಇಳಿಸಿ ಮನೆಗೆ ಬಂದ. ಅಡುಗೆಮನೆಯಲ್ಲಿ ಇನ್ನೂ ಬಿಸಿಲಿತ್ತು. ಹಗಲಲ್ಲೇ ಲೈಟ್ ಹಾಕಿದ, ಮಾತು ಕೊಟ್ಟಿದ್ದನಲ್ಲ. ಸಾಸೇಜು, ಬಟಾಣಿ, ಬ್ರೆಡ್ಡು ತಟ್ಟೆಗೆ ಹಾಕಿಕೊಂಡು ಮೇಜಿನ ಮುಂದೆ ಕೂತ. ಕುರ್ಚಿ ಎಳೆದ ಸದ್ದು ಮನೆಗೆಲ್ಲ ಕೇಳಿಸಿತು. ಫೋನು ಎತ್ತಿ ಹಿಡಿದು ಫೋಟೋ ತೆಗೆದು ಕಳಿಸಿದ.

ಅಭ್ಯಾಸದ ನಡುವೆ ನೀರು ಕುಡಿಯುವ ಬಿಡುವಿನಲ್ಲಿ ಸಿಗ್ನಿಯ ಉತ್ತರ ಬಂತು: "ನೀನೇ ಕಾಣ್ತಿಲ್ಲ. ತಟ್ಟೆ ಇದೆ, ನನ್ನ ಕುರ್ಚಿ ಖಾಲಿ ಇದೆ."

ಕೂತವನು ಎದುರಿಗಿರುವುದನ್ನು ತೆಗೆದಿದ್ದ. ವೆಂಡೆಲ್ ಯೋಚಿಸಿದ. ತಟ್ಟೆ ಎತ್ತಿಕೊಂಡು ಮೇಜು ಸುತ್ತಿ ಬಂದು ಸಿಗ್ನಿಯ ಕುರ್ಚಿಯಲ್ಲಿ ಕೂತು, ಮತ್ತೆ ತೆಗೆದ.

"ಈಗ ನಿನ್ನ ಕುರ್ಚಿ ಖಾಲಿ ಇದೆ. ಎಲ್ಲಿದೀಯ? ಸಿಂಕ್ ಹತ್ರಾನಾ?"

ತನ್ನ ಫೋಟೋ ತಾನೇ ತೆಗೆಯುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ; ಅದನ್ನು ತೆಗೆಯುತ್ತಿದ್ದವಳು ಮಾರ್ಲಾ. ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ನೋಡಿದ, ಬಿತ್ತು. ತೋಳು ಚಾಚಿ ತೆಗೆದ, ಚಾವಣಿ ಬಂತು. ಸಾಸೇಜು ತಣ್ಣಗಾಗುತ್ತಿತ್ತು. ಕೊನೆಗೆ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಕೆಳಗೆ ಬಗ್ಗಿ, ಮೇಜಿನಡಿಯ ತನ್ನ ಎರಡು ಮೊಣಕಾಲುಗಳ ಫೋಟೋ ತೆಗೆದು ಕಳಿಸಿದ. ನಿಂತವನ ಮೊಣಕಾಲು ಹಾಗಿರಲು ಸಾಧ್ಯವಿಲ್ಲ. ಇದಕ್ಕಿಂತ ಗಟ್ಟಿ ಸಾಕ್ಷಿ ಯಾವ ನ್ಯಾಯಾಲಯದಲ್ಲೂ ಸಿಗುವುದಿಲ್ಲ.

ಬಹಳ ಹೊತ್ತು ಏನೂ ಬರಲಿಲ್ಲ. ಬಿಡುವು ಮುಗಿದಿರಬೇಕು. ಅವನು ಫೋರ್ಕ್ ಕೈಗೆತ್ತಿಕೊಳ್ಳದೆ ಫೋನನ್ನೇ ನೋಡುತ್ತ ಕೂತ. ಆಮೇಲೆ ಅದು ಮೇಜಿನ ಮೇಲೆ ಸಣ್ಣಗೆ ಅದುರಿತು.

"ಮೊಣಕಾಲು ಮಡಿಚಿದೆ," ಎಂದು ಬರೆದಿದ್ದಳು ಸಿಗ್ನಿ. "ಅಂಕ ಕಟ್. ಊಟ ಮಾಡು."